ಫೋಟೊದ ಹಿಂಬದಿಯ ಊರುಗಳು

ನಮ್ಮ ಕಡೆಯ ಹಳೆಯ ಫೋಟೊ ಕೈಗೆ ಬಂದರೆ ನಾನು ಮೊದಲು ಅದನ್ನು ಮಗುಚಿ ಹಿಂಬದಿ ನೋಡುತ್ತೇನೆ. ಮುಖ ಆಮೇಲೆ. ಹಿಂಬದಿಯಲ್ಲಿ ಸ್ಟುಡಿಯೋದ ರಬ್ಬರ್ ಸ್ಟ್ಯಾಂಪ್ ಇರುತ್ತದೆ, ಅದರ ಕೆಳಗೆ ಊರು ಮತ್ತು ಜಿಲ್ಲೆ. ಈಗ ಮಹಾರಾಷ್ಟ್ರದಲ್ಲಿರುವ ಉದಗೀರದ ಒಂದೇ ಓಣಿಯ ಒಂದೇ ಮನೆತನದ ಫೋಟೊಗಳನ್ನು ಸಾಲಾಗಿ ಹರವಿದರೆ ಜಿಲ್ಲೆಯ ಹೆಸರು ಬದಲಾಗುತ್ತ ಹೋಗುತ್ತದೆ. ರಾಜ್ಯಗಳ ಮರುವಿಂಗಡಣೆಯಾದ 1956ರ ನವೆಂಬರ್ 1ಕ್ಕೆ ಮೊದಲಿನವು ಬೀದರ್ ಜಿಲ್ಲೆ. ಆಮೇಲಿನವು ಉಸ್ಮಾನಾಬಾದ್. 1982ರ ಆಗಸ್ಟ್ 16ಕ್ಕೆ ಹೊಸ ಜಿಲ್ಲೆ ಆದ ಮೇಲಿನವು ಲಾತೂರ. ನಿಲಂಗಾದ ಕಥೆಯೂ ಇದೇ. ಉಮರ್ಗಾ ಮಾತ್ರ ಉಸ್ಮಾನಾಬಾದ್ ಬಿಟ್ಟು ಕದಲಲಿಲ್ಲ. ಆ ಜಿಲ್ಲೆಯೇ 2023ರಲ್ಲಿ ಧಾರಾಶಿವ ಆಯಿತು. ಮನೆ ಅಲ್ಲೇ ಇದೆ, ಬಾವಿ ಅಲ್ಲೇ ಇದೆ, ಉದಗೀರದ ವಿಳಾಸ ಎರಡು ಸಲ ತಿರುಗಿದೆ. ಲಿಪಿಯೂ ತಿರುಗಿದೆ: ಮೊದಲು ಉರ್ದು, ಆಮೇಲೆ ಮರಾಠಿ, ಎರಡರ ಜೊತೆಗೂ ಆಗಾಗ ಇಂಗ್ಲಿಷ್. ಕನ್ನಡದ ಸ್ಟ್ಯಾಂಪನ್ನು ನಾನು ಉದಗೀರದಲ್ಲಿ ಕಂಡಿಲ್ಲ. ಆದರೆ ಸ್ಟ್ಯಾಂಪಿನ ಪಕ್ಕದಲ್ಲಿ ಶಾಯಿ ಪೆನ್ನಿನಿಂದ ಮೋಡಿಯಂಥ ಅಕ್ಷರದಲ್ಲಿ ‘ನಮ್ಮ ದೊಡ್ಡವ್ವ’ ಎಂದು ಕನ್ನಡದಲ್ಲಿ ಬರೆದದ್ದನ್ನು ಕಂಡಿದ್ದೇನೆ. ಸರಕಾರದ ಕಾಗದದಲ್ಲಿ ಎಲ್ಲೂ ಇಲ್ಲದ ಕನ್ನಡ ಅದು, ಮನೆಯವರ ಕೈಯದು.

ನನ್ನ ಕಸುಬು ಗಡಿಯಾರ ರಿಪೇರಿ. ಉದಗೀರದ ಬಜಾರದಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಚ್‌ಎಂಟಿ ಕೈಗಡಿಯಾರಗಳ ಹೊಟ್ಟೆ ಬಿಚ್ಚುತ್ತ ಕೂತವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಗಿರಾಕಿಗಳೊಂದಿಗೆ ಹಿಂದಿ-ಉರ್ದು ಬೆರೆತ ದಖನಿ ಮಾತು. ಕ್ಯಾಮೆರಾ ನನ್ನ ಬಳಿ ಬಂದದ್ದೂ ಈ ಕಸುಬಿನ ದಾರಿಯಿಂದ. ಸ್ಟುಡಿಯೋದವರ ಕ್ಯಾಮೆರಾದ ಶಟರ್ ಸಿಕ್ಕಿಕೊಂಡರೆ ಸೋಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕಿತ್ತು. ಒಂದು ದಿನಕ್ಕೆ ಆಗದ ಕೆಲಸ. ಶಟರಿನ ನಿಧಾನದ ವೇಗಗಳನ್ನು, ಅಂದರೆ ಒಂದು ಸೆಕೆಂಡು, ಅರ್ಧ ಸೆಕೆಂಡನ್ನು, ನಡೆಸುವುದು ಸಣ್ಣ ಹಲ್ಲುಚಕ್ರಗಳ ಸರಣಿ. ಗಡಿಯಾರದವನಿಗೆ ಅದು ಪರಿಚಿತ ಮನೆ. ಹೀಗೆ ರಿಪೇರಿಗೆ ಬಂದ ಕ್ಯಾಮೆರಾಗಳು ಕಾಲ ಬದಲಾದಂತೆ ಮಾರಾಟಕ್ಕೆ ಬಂದವು, ಆಮೇಲೆ ಸುಮ್ಮನೆ ಕೊಟ್ಟು ಹೋಗುವಂತಾದವು. ‘ಕಾಕಾ, ನಿಮ್ಮ ಹತ್ರಾನೇ ಇರಲ್ರಿ, ನಮ್ಮ ಮನ್ಯಾಗ ಇದನ್ನ ಯಾರ್ ಕೇಳ್ತಾರ?’ ಎಂದು ಇಟ್ಟು ಹೋದವರು ಬಹಳ ಮಂದಿ.

ಉದಗೀರ, ನಿಲಂಗಾ, ಉಮರ್ಗಾ ಈ ಮೂರು ಊರುಗಳ ಸುತ್ತ ಕ್ಯಾಮೆರಾ ಎಂದಿನಿಂದ ಇದೆ ಎಂದು ಹುಡುಕುತ್ತ ಹೋದರೆ ಮೊದಲು ಸಿಗುವವರು ದೊರೆಗಳು, ಅಧಿಕಾರಿಗಳು, ಅವರು ನೋಡಬಯಸಿದ ಕಲ್ಲಿನ ಕಟ್ಟಡಗಳು. ಉಮರ್ಗಾದ ಪಡುವಣಕ್ಕೆ ಇರುವ ನಳದುರ್ಗದಲ್ಲಿ 1853ರಿಂದ ಕೆಲವು ವರ್ಷ ಆಡಳಿತ ನಡೆಸಿದವರು ಫಿಲಿಪ್ ಮೆಡೋಸ್ ಟೇಲರ್. ನಿಜಾಮರು ಸಾಲದ ಬಾಬತ್ತಿಗೆ ಆ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದ ಕಾಲ ಅದು. ಇದೇ ಟೇಲರ್ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಎರಡು ದೊಡ್ಡ ಫೋಟೊ ಪುಸ್ತಕಗಳಿಗೆ ಬರಹ ಒದಗಿಸಿದರು. ಒಂದು ಬಿಜಾಪುರದ ಕಟ್ಟಡಗಳದ್ದು, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಯದ್ದು. ಫೋಟೊಗಳು ಬಿಗ್ಸ್, ಪಿಗೌ, ನೀಲ್ ಮೊದಲಾದವರವು. ಇವರಲ್ಲಿ ಬಿಗ್ಸ್ ಸಾಹೇಬರು 1855ರಲ್ಲೇ ಮುಂಬಯಿ ಸರಕಾರದ ಕೆಲಸವಾಗಿ ಬಿಜಾಪುರ, ಬಾದಾಮಿ, ಐಹೊಳೆ ಸುತ್ತಿ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ಹಿಡಿದಿದ್ದರು. ಕನ್ನಡ ನೆಲದ ಮೊದಲ ಫೋಟೊಗಳ ಸಾಲಿನಲ್ಲಿ ಅವು ಬರುತ್ತವೆ. ಆಮೇಲೆ 1875-76ರಲ್ಲಿ ಜೇಮ್ಸ್ ಬರ್ಜೆಸ್ ನೇತೃತ್ವದ ಪುರಾತತ್ವ ತಂಡ ಬೀದರ್ ಮತ್ತು ಔರಂಗಾಬಾದ್ ಜಿಲ್ಲೆಗಳನ್ನು ಸುತ್ತಿತು. 1878ರಲ್ಲಿ ವರದಿ ಬಂತು. ನಿಲಂಗಾಕ್ಕೆ ಹತ್ತಿರದ ಖರೋಸಾ ಗುಹೆಗಳು ಅದರಲ್ಲಿವೆ.

ನಿಜಾಮರ ರಾಜ್ಯದ ದೊಡ್ಡ ಹೆಸರು ಲಾಲಾ ದೀನ್ ದಯಾಳ್. ಮೀರತ್ ಹತ್ತಿರದ ಸರ್ಧನಾದಲ್ಲಿ 1844ರಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಇಂದೋರದಲ್ಲಿ ನೌಕರಿ ಮಾಡಿ, ಕೊನೆಗೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾದವರು. ಸಿಕಂದರಾಬಾದಿನಲ್ಲಿ ಅವರ ಸ್ಟುಡಿಯೋ. ಎಲ್ಲೋರಾ, ದೌಲತಾಬಾದ್, ಔರಂಗಾಬಾದ್ ಎಲ್ಲವೂ ಅವರ ಗಾಜಿನ ಪ್ಲೇಟುಗಳಲ್ಲಿ ಉಳಿದವು. 1892ರಲ್ಲಿ ಅವರು ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದರು. ನಡೆಸುತ್ತಿದ್ದವರು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಪರದೆಯಲ್ಲಿರುವ ಹೆಣ್ಣುಮಕ್ಕಳೂ ತಮ್ಮ ಮುಖವನ್ನು ಚಿತ್ರದಲ್ಲಿ ನೋಡಿಕೊಳ್ಳಲಿ ಎಂಬ ವಿಚಾರ ಅಷ್ಟು ಹಿಂದೆಯೇ ಬಂದಿತ್ತು ಎನ್ನುವುದು ನನಗೆ ದೊಡ್ಡ ಮಾತಾಗಿ ಕಾಣುತ್ತದೆ. ಆ ಸ್ಟುಡಿಯೋದ ಮೆಟ್ಟಿಲು ಹತ್ತಿದವರು ನವಾಬರ, ಜಾಗೀರದಾರರ ಮನೆಯವರು. ನಮ್ಮ ಒಕ್ಕಲಗಿತ್ತಿಯರಿಗೆ ಆ ಭಾಗ್ಯ ಬರಲು ಇನ್ನೂ ಎರಡು ತಲೆಮಾರು ಬೇಕಾಯಿತು.

ಆ ಭಾಗ್ಯ ತಂದದ್ದು ಬಜಾರದ ಸಣ್ಣ ಸ್ಟುಡಿಯೋ. ಉದಗೀರಕ್ಕೆ ರೈಲಿತ್ತು, ಬೀದರಿನಿಂದ ಪರಳಿಯ ಕಡೆಗೆ ಹೋಗುವ ಗಾಡಿ. ಹೈದರಾಬಾದಿನ ಫಿಲ್ಮು, ಕಾಗದ, ಔಷಧಿ ಅದರಲ್ಲಿ ಬರುತ್ತಿತ್ತು. ಉಮರ್ಗಾಕ್ಕೆ ರೈಲಿಲ್ಲ, ಆದರೆ ಸೋಲಾಪುರ-ಹೈದರಾಬಾದ್ ಹೆದ್ದಾರಿ ಊರನ್ನು ಸೀಳಿಕೊಂಡು ಹೋಗುತ್ತದೆ. ನಿಲಂಗಾದವರು ಬಸ್ಸನ್ನೇ ನೆಚ್ಚಿದವರು. ಮೂರೂ ಊರುಗಳಲ್ಲಿ ಸ್ಟುಡಿಯೋಗಳ ನಡುಮನೆ ಒಂದೇ ಥರ: ಒಂದು ಗೋಡೆಗೆ ಬಣ್ಣದ ಪರದೆ, ಅದರ ಮೇಲೆ ಕಮಾನು, ಮೆಟ್ಟಿಲು, ನಮ್ಮ ಸೀಮೆಯಲ್ಲಿ ಯಾರೂ ಕಾಣದ ಸರೋವರ, ಮುಂದೆ ಒಂದು ಕುರ್ಚಿ, ಪ್ಲಾಸ್ಟಿಕ್ ಹೂವಿನ ಕುಂಡ, ಗೋಡೆಯ ಕನ್ನಡಿಯ ಕೆಳಗೆ ಪೌಡರ್ ಡಬ್ಬಿ, ಬಾಚಣಿಗೆ, ಗೂಟಕ್ಕೆ ತೂಗಿಬಿಟ್ಟ ಒಂದು ಕೋಟು. ಆ ಕೋಟು ಎಷ್ಟು ಮದುವೆ ಗಂಡುಗಳ ಮೈಮೇಲೆ ಏರಿತ್ತೋ. ತೋಳು ಉದ್ದವಾದರೆ ಕೈ ಹಿಂದೆ ಕಟ್ಟಿ ನಿಲ್ಲಿಸುತ್ತಿದ್ದರು. ಹಳೆಯ ಫೋಟೊಗಳಲ್ಲಿ ಹಾಗೆ ಕೈ ಹಿಂದೆ ಕಟ್ಟಿದ ಯುವಕರು ಬಹಳ. ಗತ್ತು ಎಂದು ನೋಡುವವರು ಅಂದುಕೊಳ್ಳುತ್ತಾರೆ.

ಸ್ಟುಡಿಯೋದ ದೊಡ್ಡ ಕ್ಯಾಮೆರಾ ಬಹುಪಾಲು ಮರದ್ದು. ನನ್ನಲ್ಲಿರುವುದು ಉಮರ್ಗಾದ ಒಂದು ಮುಚ್ಚಿದ ಸ್ಟುಡಿಯೋದಿಂದ ಬಂದ ವಾಗೀಶ್ವರಿ. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಅವರು 1940ರ ದಶಕದಲ್ಲಿ ಮಾಡತೊಡಗಿದ ಕ್ಯಾಮೆರಾ ಅದು. ವಾದ್ಯಗಳ ರಿಪೇರಿ ಮಾಡುವ ಮನೆತನದಿಂದ ಬಂದವರು ಅವರು. ಹಾರ್ಮೋನಿಯಮ್ಮಿನ ತಿದಿ ಗೊತ್ತಿದ್ದ ಕೈಗೆ ಕ್ಯಾಮೆರಾದ ತಿದಿ ಹೊಸದಾಗಲಿಲ್ಲ. ತೇಗದ ಮರ, ಹಿತ್ತಾಳೆಯ ತಿರುಪು, ಮಡಿಕೆ ಮಡಿಕೆಯ ಚರ್ಮದ ತಿದಿ. ಹಿಂದೆ ಮಬ್ಬು ಗಾಜು. ಕರಿ ಬಟ್ಟೆ ತಲೆಯ ಮೇಲೆ ಎಳೆದುಕೊಂಡು ನೋಡಿದರೆ ಎದುರಿಗೆ ಕೂತವರು ತಲೆಕೆಳಗಾಗಿ ಕಾಣುತ್ತಾರೆ. ಫೋಕಸ್ ಸರಿಯಾದ ಮೇಲೆ ಗಾಜಿನ ಜಾಗದಲ್ಲಿ ಪ್ಲೇಟಿನ ಚೌಕಟ್ಟು ತೂರಿಸಿ, ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲಿ ಎಣಿಸಿ, ಮತ್ತೆ ಮುಚ್ಚುವುದು. ಅಷ್ಟು ಹೊತ್ತು ಎದುರಿಗಿದ್ದವರು ಅಲುಗಾಡಬಾರದು. ಆ ಕಾಲದ ಮುಖಗಳು ಬಿಗಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ನನ್ನ ಕೈಗೆ ಬಂದಾಗ ಅದರ ತಿದಿಯ ಮೂಲೆಗಳಲ್ಲಿ ತೂತುಗಳಿದ್ದವು. ನಮ್ಮ ಒಣ ಹವೆಯಲ್ಲಿ ಚರ್ಮ ಸೀಳುವುದು ಮಡಿಕೆಯ ಮೂಲೆಯಲ್ಲೇ. ಕತ್ತಲೆ ಕೋಣೆಯಲ್ಲಿ ತಿದಿಯೊಳಗೆ ಒಂದು ಸಣ್ಣ ಬಲ್ಬ್ ಇಟ್ಟು ಹೊರಗಿನಿಂದ ನೋಡಿದರೆ ತೂತಿದ್ದಲ್ಲೆಲ್ಲ ಬೆಳಕಿನ ಚುಕ್ಕೆ. ಒಂದೊಂದಕ್ಕೂ ಸೀಸದ ಕಡ್ಡಿಯಿಂದ ಗುರುತು ಹಾಕಿ, ತೆಳು ಕರಿ ಬಟ್ಟೆಯನ್ನು ಸರೇಸಿನಲ್ಲಿ ಅಂಟಿಸಿ, ಮಡಿಕೆ ಮುಚ್ಚಿದಾಗ ದಪ್ಪವಾಗದ ಹಾಗೆ ಒತ್ತಬೇಕು. ಕೈಗಡಿಯಾರಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸ. ಲೋಹದ ಶಟರುಗಳ ತೊಂದರೆ ಬೇರೆ: ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಾಗುತ್ತದೆ, ಅದಕ್ಕೆ ಎರೆಮಣ್ಣಿನ ಧೂಳು ಸೇರುತ್ತದೆ. ಬೆಂಜೀನಿನಲ್ಲಿ ತೊಳೆದು ಒಣಗಿಸಿದರೆ ಮತ್ತೆ ನಡೆಯುತ್ತದೆ. ಚಕ್ರಗಳ ಅಚ್ಚಿಗೆ ಸೂಜಿಯ ತುದಿಯಷ್ಟು ಎಣ್ಣೆ ಸಾಕು. ಶಟರಿನ ಎಲೆಗಳಿಗೆ ಮಾತ್ರ ಎಣ್ಣೆ ತಾಗಿಸಲೇಬಾರದು.

ಹಳೆಯ ಫೋಟೊಗ್ರಾಫರರ ಕೈಚಳಕ ಗೊತ್ತಾಗುವುದು ನೆಗೆಟಿವನ್ನು ಬೆಳಕಿಗೆ ಹಿಡಿದಾಗ. ನಿಲಂಗಾದ ಒಂದು ಗಾಜಿನ ಪ್ಲೇಟಿನಲ್ಲಿ ಒಬ್ಬ ಮಧ್ಯವಯಸ್ಕರ ಮುಖವಿದೆ. ಅದನ್ನು ಓರೆಯಾಗಿ ಹಿಡಿದರೆ ಕೆನ್ನೆ, ಮೂಗು, ಹಣೆಯ ಮೇಲೆಲ್ಲ ಪೆನ್ಸಿಲ್ಲಿನ ಅತಿ ಸಣ್ಣ ಗೀರುಗಳು ಹೊಳೆಯುತ್ತವೆ. ಮೈಲಿಬೇನೆಯ ಕಲೆಗಳು. ಕಲೆಯ ತಗ್ಗು ಪ್ರಿಂಟಿನಲ್ಲಿ ಕಪ್ಪಾಗಿ ಬರುತ್ತದೆ, ಅಂದರೆ ನೆಗೆಟಿವಿನಲ್ಲಿ ಅದು ತೆಳುವಾದ ಜಾಗ. ಆ ತೆಳು ಜಾಗವನ್ನು ಗಟ್ಟಿ ಪೆನ್ಸಿಲ್ಲಿನಿಂದ ಒಂದೊಂದಾಗಿ ತುಂಬಿದರೆ ಪ್ರಿಂಟಿನಲ್ಲಿ ಚರ್ಮ ನುಣುಪಾಗುತ್ತದೆ. ದೇಶದಿಂದ ಮೈಲಿಬೇನೆ ಹೋದದ್ದು 1975ರಲ್ಲಿ. ಅದಕ್ಕೆ ಮೊದಲು ಕೂತವರ ಮುಖಗಳನ್ನು ಸ್ಟುಡಿಯೋದವರು ಹೀಗೆ ರಾತ್ರಿ ಕೂತು ತುಂಬುತ್ತಿದ್ದರು. ಮನೆಯ ಗೋಡೆಯ ಫೋಟೊದಲ್ಲಿ ಆ ಮನುಷ್ಯ ನಿಷ್ಕಳಂಕ. ರೋಗದ ಇತಿಹಾಸ ಉಳಿದದ್ದು ನೆಗೆಟಿವಿನಲ್ಲಿ ಮಾತ್ರ.

ಬಿಸಿಲಿನ ಮಾತು ಹೇಳದಿದ್ದರೆ ನಮ್ಮ ಭಾಗದ ಫೋಟೊಗ್ರಫಿಯ ಚರಿತ್ರೆ ಅಪೂರ್ಣ. ಫಿಲ್ಮ್ ತೊಳೆಯುವ ಡೆವಲಪರಿಗೆ 20 ಡಿಗ್ರಿ ಶಾಖ ಸರಿ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಹೊರಗೆ 40 ದಾಟುತ್ತದೆ, ಹೌದಿನ ನೀರೇ 30ರ ಮೇಲೆ. ಅಷ್ಟು ಬಿಸಿಯಲ್ಲಿ ಫಿಲ್ಮಿನ ಮೇಲಿನ ಜೆಲಟಿನ್ ಪದರ ಉಬ್ಬಿ ಮೆತ್ತಗಾಗುತ್ತದೆ, ಅಂಚಿನಿಂದ ಏಳುತ್ತದೆ, ಬೆರಳು ತಾಗಿದರೆ ಮುಖವೇ ಜಾರಿ ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಫಿಲ್ಮ್ ತೊಳೆಯುವುದು ಕೋಳಿ ಕೂಗುವ ಹೊತ್ತಿಗೆ, ರಾತ್ರಿಯೆಲ್ಲ ಅಂಗಳದಲ್ಲಿಟ್ಟ ಮಣ್ಣಿನ ಕೊಡದ ನೀರಿನಲ್ಲಿ. ಬರ್ಫ್ ಸಿಕ್ಕರೆ ತಟ್ಟೆಯ ಸುತ್ತ ಬರ್ಫ್. ಚಿತ್ರವನ್ನು ಸ್ಥಿರಗೊಳಿಸುವ ಹೈಪೋದ ದ್ರಾವಣಕ್ಕೆ ಪಟಿಕಾರ ಸೇರಿಸಿದರೆ ಜೆಲಟಿನ್ ಗಟ್ಟಿಯಾಗುತ್ತದೆ. ಡೆವಲಪರನ್ನು ಅಂಗಡಿಯಲ್ಲೇ ಕಲಸುತ್ತಿದ್ದರು. ಡಿ-76 ಎಂಬ ಕೊಡಕ್ ಸೂತ್ರ ಈಗಲೂ ನನಗೆ ಬಾಯಿಪಾಠ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಇದೇ ಅನುಕ್ರಮದಲ್ಲಿ ಕರಗಿಸಬೇಕು. ಚಿನ್ನ ತೂಗುವ ತಕ್ಕಡಿಯನ್ನು ಅಕ್ಕಸಾಲಿಗರಿಂದ ಎರವಲು ತಂದು ತೂಗುತ್ತಿದ್ದ ಸ್ಟುಡಿಯೋದವರನ್ನು ನಾನು ಬಲ್ಲೆ.

ಇನ್ನು ನಮ್ಮ ಲಿಂಗಾಯತ ಮನೆಗಳ ಒಂದು ಪದ್ಧತಿ. ನಮ್ಮಲ್ಲಿ ಲಿಂಗೈಕ್ಯರಾದವರನ್ನು ಮಲಗಿಸುವುದಿಲ್ಲ. ಕುಳ್ಳಿರಿಸಿ, ವಿಭೂತಿ ಧರಿಸಿ, ಗಂಡಸಾದರೆ ರುಮಾಲು ಸುತ್ತಿ, ಹೆಂಗಸಾದರೆ ಸೀರೆ ಉಡಿಸಿ, ಹೂವಿನಿಂದ ಸಿಂಗರಿಸಿ, ರಾತ್ರಿ ಭಜನೆ ಮಾಡಿ, ಕುಳಿತ ಭಂಗಿಯಲ್ಲೇ ಸಮಾಧಿ ಮಾಡುವುದು. ಆ ಹೊತ್ತಿಗೆ ಫೋಟೊಗ್ರಾಫರಿಗೆ ಹೇಳಿಕಳಿಸುತ್ತಿದ್ದರು. ಹಳ್ಳಿಯಿಂದ ಸೈಕಲ್ ಮೇಲೆ ಹುಡುಗ ಬರುತ್ತಿದ್ದ: ‘ಅಣ್ಣಾ, ಲಗೂನ ನಡೀರಿ, ಆಯಿ ಹ್ವಾದಳು.’ ನಡುವೆ ಹಿರಿಯರನ್ನು ಕುಳ್ಳಿರಿಸಿ, ಸುತ್ತ ಮಕ್ಕಳು ಮೊಮ್ಮಕ್ಕಳು ಕೂತು, ಅಂಗಳದ ಬೆಳಕಿನಲ್ಲಿ ಒಂದು ಫೋಟೊ. ಎಷ್ಟೋ ಮುದುಕಿಯರ ಜೀವಮಾನದ ಒಂದೇ ಫೋಟೊ ಇದು. ಆಮೇಲೆ ಸ್ಟುಡಿಯೋದಲ್ಲಿ ಆ ಮುಖವೊಂದನ್ನೇ ಬೇರೆ ಮಾಡಿ, ದೊಡ್ಡದು ಮಾಡಿ, ಮುಚ್ಚಿದ ಕಣ್ಣಿನ ಮೇಲೆ ಕುಂಚದಿಂದ ತೆರೆದ ಕಣ್ಣು ಬರೆದು, ಸೀರೆಗೆ ಬಣ್ಣ ತುಂಬಿ ಕಟ್ಟು ಹಾಕಿ ಕೊಡುತ್ತಿದ್ದರು. ಪಡಸಾಲೆಯ ಗೋಡೆಯಲ್ಲಿ ನಾವು ಕೈ ಮುಗಿಯುವ ಎಷ್ಟೋ ಅಜ್ಜಿಯರ ಕಣ್ಣು ಪೇಂಟರ್ ಬರೆದದ್ದು. ಹೊರಗಿನವರು ಇದನ್ನು ಕೇಳಿ ಹೌಹಾರುತ್ತಾರೆ. ನನಗೆ ಇದರಲ್ಲಿ ಅಳುಕುವಂಥದ್ದು ಏನೂ ಕಾಣುವುದಿಲ್ಲ. ಬದುಕಿದ್ದಾಗ ಅವಳನ್ನು ಪೇಟೆಗೆ ಕರೆದೊಯ್ದು ಕುರ್ಚಿಯ ಮೇಲೆ ಕೂರಿಸಲು ಯಾರಿಗೂ ಬಿಡುವಿರಲಿಲ್ಲ. ಕೊನೆಯ ದಿನವಾದರೂ ಅವಳು ನಡುವೆ ಕೂತಳು.

ಅರವತ್ತು-ಎಪ್ಪತ್ತರ ದಶಕದಲ್ಲಿ ಕ್ಯಾಮೆರಾ ಸ್ಟುಡಿಯೋದಿಂದ ಇಳಿದು ಮನೆಗೆ ಬಂತು. ಶಾಲಾ ಮಾಸ್ತರರು, ತಹಸೀಲ ಕಚೇರಿಯವರು, ಡಾಕ್ಟರರು ಕೊಂಡದ್ದು ಆಗ್ಫಾ ಕ್ಲಿಕ್-3. ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಅದನ್ನು ತಯಾರಿಸುತ್ತಿತ್ತು. 120 ನಂಬರಿನ ರೋಲು, ಹನ್ನೆರಡು ಚೌಕ ಫೋಟೊ. ಬೆನ್ನಿನಲ್ಲಿ ಕೆಂಪು ಕಿಟಕಿ. ಗುಬಟು ತಿರುಗಿಸುತ್ತ ಅದರಲ್ಲಿ ಅಂಕಿ ಬಂದಾಗ ನಿಲ್ಲಿಸಬೇಕು. ಆ ರೋಲನ್ನು ಕೊಡಕ್‌ನವರು ತಮ್ಮ ಬ್ರೌನಿ ಕ್ಯಾಮೆರಾಕ್ಕೆಂದು 1901ರಲ್ಲಿ ಹೊರತಂದದ್ದು, ಇಂದಿಗೂ ಅದೇ ಅಳತೆಯಲ್ಲಿ ತಯಾರಾಗುತ್ತಿದೆ. ಅದಕ್ಕೇ ನಮ್ಮ ಅಪ್ಪಂದಿರ ಡಬ್ಬಿ ಇವತ್ತೂ ಫೋಟೊ ತೆಗೆಯುತ್ತದೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸರಕಾರಿ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿ, ಫ್ರಾನ್ಸಿನ ಬೋಷೆ ಕಂಪನಿಯ ನೆರವಿನಿಂದ 1967ರಲ್ಲಿ ಉತ್ಪಾದನೆ ಶುರು ಮಾಡಿ, ‘ಇಂದು’ ಹೆಸರಿನ ಫಿಲ್ಮು, ಕಾಗದ ಕೊಟ್ಟಿತು. ಪೂರ್ವ ಜರ್ಮನಿಯ ಓರ್ವೋ ಕೂಡ ಸಿಗುತ್ತಿತ್ತು. ಮದುವೆಗಳಿಗೆ ಸ್ಟುಡಿಯೋದವರ ಕೊರಳಲ್ಲಿ ಯಾಷಿಕಾದ ಎರಡು ಲೆನ್ಸಿನ ಕ್ಯಾಮೆರಾ: ಮೇಲಿನ ಲೆನ್ಸು ನೋಡಲು, ಕೆಳಗಿನದು ತೆಗೆಯಲು.

1993 ನಮ್ಮ ಸ್ಟುಡಿಯೋಗಳ ಪಾಲಿಗೆ ಮರೆಯಲಾಗದ ವರ್ಷ. ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಬಿಟ್ಟ ರಾತ್ರಿಯೇ, ಕಿಲ್ಲಾರಿಯ ಭೂಕಂಪ. ಔಸಾ ಮತ್ತು ಉಮರ್ಗಾ ತಾಲೂಕಿನ ಹಳ್ಳಿಗಳು ನೆಲಸಮ. ಕಲ್ಲು-ಮಣ್ಣಿನ ದಪ್ಪ ಗೋಡೆಯ ಮನೆಗಳು ಮಲಗಿದ್ದವರ ಮೇಲೆ ಬಿದ್ದವು. ಹತ್ತು ಸಾವಿರದ ಹತ್ತಿರ ಜನ ಹೋದರು. ವಾರಗಳ ಮೇಲೆ ಉಳಿದವರು ಸ್ಟುಡಿಯೋದ ಬಾಗಿಲಿಗೆ ಬಂದರು. ಗೋಡೆಯ ಫೋಟೊ ಗೋಡೆಯೊಂದಿಗೆ ಹೋಗಿತ್ತು. ‘ನಮ್ಮ ಲಗ್ನದ ಫೋಟೊ ನೀವೇ ತೆಗೆದಿದ್ರಿ, ಅದರ ಕಾಚು ಇದ್ರ ನೋಡ್ರಿ’ ಎಂದು ಕೇಳಿದವರಿದ್ದರು. ನೆಗೆಟಿವನ್ನು ಲಕೋಟೆಯಲ್ಲಿ ಹಾಕಿ, ನಂಬರು ಬರೆದು, ವಹಿಯಲ್ಲಿ ಊರು-ಹೆಸರು ನಮೂದಿಸಿಟ್ಟ ಸ್ಟುಡಿಯೋದವರು ಹುಡುಕಿ ಕೊಟ್ಟರು. ಹಾಗೆ ಇಡದವರಲ್ಲಿ ಡಬ್ಬಿ ತುಂಬ ನೆಗೆಟಿವ್ ಇದ್ದರೂ ಯಾರ ಮುಖ ಎಲ್ಲಿದೆಯೋ ತಿಳಿಯಲಿಲ್ಲ. ಆ ವರ್ಷದಿಂದ ನನಗೆ ಕ್ಯಾಮೆರಾಕ್ಕಿಂತ ಆ ವಹಿ ದೊಡ್ಡದಾಗಿ ಕಾಣತೊಡಗಿತು.

ಅದೇ 1993ರಲ್ಲಿ ಟಿ.ಎನ್. ಶೇಷನ್ ಅವರ ಚುನಾವಣಾ ಆಯೋಗ ಮತದಾರರಿಗೆ ಫೋಟೊ ಗುರುತಿನ ಚೀಟಿ ತಂದಿತು. ಅದುವರೆಗೆ ಕ್ಯಾಮೆರಾದ ಮುಂದೆ ಕೂರದವರೂ ಕೂತರು. ಆಮೇಲಿನದು ಎಲ್ಲರೂ ಬಲ್ಲ ಕಥೆ: ಕಲರ್ ಲ್ಯಾಬು, ಡಿಜಿಟಲ್ಲು, ಮೊಬೈಲು. 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು, ಮುಂದೆ ಊಟಿಯ ಕಾರ್ಖಾನೆಯೂ ಮುಚ್ಚಿತು.

ಈಗ ಹುಡುಗರಲ್ಲಿ ಹಳೆಯ ಕ್ಯಾಮೆರಾದ ಆಸೆ ಮತ್ತೆ ಹುಟ್ಟಿದೆ. ಪುಣೆ, ಬೆಂಗಳೂರಿನಲ್ಲಿ ಓದುವವರು ರಜೆಗೆ ಬಂದಾಗ ನನ್ನ ಅಂಗಡಿ ಹುಡುಕಿಕೊಂಡು ಬರುತ್ತಾರೆ. ‘ಕಾಕಾ, ಇದು ಇನ್ನಾ ನಡೀತದೇನ್ರಿ?’ ನಡೆಯುತ್ತದೆ. ಒಂದು ರೋಲಿಗೆ ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. ನಾನು ಅವರಿಗೆ ಮೀಟರಿಲ್ಲದೆ ಬೆಳಕು ಅಳೆಯುವುದು ಹೇಳಿಕೊಡುತ್ತೇನೆ: ಫಿಲ್ಮಿನ ವೇಗ 100 ಇದ್ದರೆ, ನಮ್ಮ ಮಧ್ಯಾಹ್ನದ ಬಿಸಿಲಿಗೆ ಅಪರ್ಚರ್ 16, ಶಟರ್ ಸೆಕೆಂಡಿನ 125ನೇ ಒಂದು ಭಾಗ. ಉದಗೀರದ ಕೋಟೆಗೆ, ನಿಲಂಗಾದ ನೀಲಕಂಠೇಶ್ವರ ಗುಡಿಗೆ ಹೋಗಿ ತೆಗೆಯುತ್ತಾರೆ. ನಿಲಂಗಾದ ಗುಡಿಯ ಹೊರಗೋಡೆಯ ಶಿಲ್ಪಗಳಿಗೆ ಓರೆ ಬಿಸಿಲು ಬೇಕು, ಬೆಳಿಗ್ಗೆ ಬೇಗ ಹೋಗಿ ಎನ್ನುತ್ತೇನೆ. ಹನ್ನೆರಡೇ ಫೋಟೊ ಇರುವಾಗ ಹುಡುಗರು ನಿಂತು ನೋಡಲು ಕಲಿಯುತ್ತಾರೆ; ಇದು ಒಳ್ಳೆಯದು, ನನಗೆ ಸಂತೋಷ ಕೊಡುವ ಸಂಗತಿ.

ಆದರೆ ಅವರೆಲ್ಲರಿಗೂ ಹೇಳುವ ಒಂದು ಮಾತನ್ನು ಇಲ್ಲಿಯೂ ಹೇಳುತ್ತೇನೆ. ಸ್ಟುಡಿಯೋ ಮುಚ್ಚಿದಾಗ ಕ್ಯಾಮೆರಾಕ್ಕೆ ಗಿರಾಕಿ ಇರುತ್ತಾನೆ, ನೆಗೆಟಿವಿಗೆ ಇರುವುದಿಲ್ಲ. ಅವು ಬೆಳ್ಳಿ ತೆಗೆಯುವವರ ಕೈಗೆ ತೂಕದ ಲೆಕ್ಕದಲ್ಲಿ ಹೋಗುತ್ತವೆ. ಗಾಜಿನ ಪ್ಲೇಟನ್ನು ಬಿಸಿನೀರಲ್ಲಿ ಉಜ್ಜಿ ಮುಖ ತೊಳೆದು ಕಟ್ಟಿನ ಗಾಜು ಮಾಡಿದ್ದನ್ನು ನಾನೇ ಕಂಡಿದ್ದೇನೆ. ಗೋಲಗುಮ್ಮಟದ, ಎಲ್ಲೋರಾದ ಫೋಟೊಗಳು ಲಂಡನ್ನಿನಲ್ಲಿ ಭದ್ರವಾಗಿವೆ. ಕೋಟು ಎರವಲು ಹಾಕಿಕೊಂಡ ನಮ್ಮ ಹುಡುಗನ, ವಿಭೂತಿ ಧರಿಸಿ ಕೂತ ನಮ್ಮ ಆಯಿಯ ಚಿತ್ರಕ್ಕೆ ಬೇರೆ ಪ್ರತಿ ಎಲ್ಲೂ ಇಲ್ಲ. ಬೀದರ್ ಜಿಲ್ಲೆ ಒಡೆದಾಗ ಕಾಗದಪತ್ರಗಳು ಮೂರು ರಾಜ್ಯಕ್ಕೆ ಹಂಚಿಹೋದವು. ಈ ನೆಲದ ಕನ್ನಡದವರು ಹೇಗಿದ್ದರು ಎಂದು ತೋರಿಸಲು ನಮ್ಮಲ್ಲಿ ಉಳಿದಿರುವುದರಲ್ಲಿ ಈ ನೆಗೆಟಿವ್‌ಗಳಷ್ಟು ನೇರವಾದ ಸಾಕ್ಷಿ ಇನ್ನೊಂದಿಲ್ಲ.

ನಿಮ್ಮ ಮನೆಯಲ್ಲೋ ನೆಂಟರ ಮುಚ್ಚಿದ ಅಂಗಡಿಯಲ್ಲೋ ನೆಗೆಟಿವ್ ಇದ್ದರೆ ತಗಡಿನ ಮಾಡಿನ ಕೆಳಗಿನ ಅಟ್ಟದಿಂದ ಮೊದಲು ಇಳಿಸಿ. ಶಾಖವೇ ಅವಕ್ಕೆ ಶತ್ರು. ಪ್ಲಾಸ್ಟಿಕ್ ಚೀಲದಿಂದ ತೆಗೆದು ಕಾಗದದ ಲಕೋಟೆಗೆ ಹಾಕಿ. ಹುಳಿ ವಾಸನೆ ಬರುವ ಫಿಲ್ಮುಗಳನ್ನು ಬೇರೆ ಇಡಿ, ಇಲ್ಲದಿದ್ದರೆ ಉಳಿದವೂ ಕೆಡುತ್ತವೆ. ಗಾಜಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರು, ಊರು, ಗೊತ್ತಿದ್ದರೆ ವರ್ಷ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಗುರುತು ಹಿಡಿಯಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ವಾರವೇ ಅವರ ಪಕ್ಕದಲ್ಲಿ ಕೂತು ಬರೆದುಕೊಳ್ಳಿ.